ಥಂಡರ್‌ಬರ್ಡ್ ಹಾಕಿಕೊಳ್ಳಬೇಕಾ, ಬ್ರೌಸರ್‌ನಲ್ಲೇ ಮೇಲ್ ನೋಡಿದರೆ ಸಾಕಾ?

ಲೆಕ್ಕದಕ್ಕ_ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಒಂದು ಚಿಕ್ಕ ಲೆಕ್ಕಪತ್ರದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು, ಅಂತರಸನಹಳ್ಳಿ ಕಡೆಯ ಒಂದಷ್ಟು ಸಣ್ಣ ಕಾರ್ಖಾನೆಗಳು, ಇವರ ಜಿಎಸ್‌ಟಿ ರಿಟರ್ನ್ ಎಲ್ಲ ನಾವೇ ಹಾಕುವುದು. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು, ಇಲಾಖೆಯ ನೋಟಿಸು, ಏನೇ ಇದ್ದರೂ ಮೇಲ್‌ನಲ್ಲೇ ಬರುತ್ತದೆ.

ಎರಡು ಖಾತೆ ಇವೆ. ಒಂದು ಹಳೇ ಜಿಮೇಲ್. ಇನ್ನೊಂದು ನಮ್ಮದೇ ಡೊಮೈನ್ ಹೆಸರಿನದು, ಹೋಸ್ಟಿಂಗ್‌ನವರು ಕೊಟ್ಟಿದ್ದು, ಅದರಲ್ಲಿ ಜಾಗವೇ 2 ಜಿಬಿ. ಆಫೀಸಿನಲ್ಲಿ ಮೂವರು ಇದ್ದೇವೆ, ಮೂವರೂ ಅದೇ ಪಾಸ್‌ವರ್ಡ್ ಹಾಕಿ ಬ್ರೌಸರ್‌ನಲ್ಲಿ ನೋಡುತ್ತೇವೆ. ರಿಟರ್ನ್ ಹಾಕುವ ಕಡೇ ದಿನ, ತಿಂಗಳ 11ನೇ ತಾರೀಖು ಮತ್ತು 20ನೇ ತಾರೀಖು, ಹತ್ತಿರ ಬಂದರೆ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ, ಸರಿಯಾಗಿ ಆಗಲೇ ನೆಟ್ ಹೋಗುತ್ತದೆ. ಪಾರ್ಟಿ ಕಳಿಸಿದ ಬಿಲ್ಲು ಮೇಲ್‌ನಲ್ಲಿ ಇದೆ ಅಂತ ಗೊತ್ತು, ಆದರೆ ತೆಗೆಯುವ ಹಾಗಿಲ್ಲ. ಜೊತೆಗೆ ಜಿಮೇಲ್‌ನಲ್ಲಿ ಜಾಗ ತುಂಬುತ್ತಾ ಬಂದಿದೆ ಅಂತ ಕೆಂಪು ಪಟ್ಟಿ ಬರುತ್ತಿದೆ.

ಪರಿಚಯದವರೊಬ್ಬರು ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಮು ಹಾಕಿಕೊಳ್ಳಿ, ಮೇಲ್ ಎಲ್ಲ ನಿಮ್ಮ ಕಂಪ್ಯೂಟರ್‌ಗೇ ಬಂದು ಬಿಡುತ್ತದೆ, ಜಾಗದ ಚಿಂತೆಯೂ ಇಲ್ಲ, ನೆಟ್ಟಿನ ಚಿಂತೆಯೂ ಇಲ್ಲ ಅಂದರು. ನಮ್ಮ ಸಾರ್ ಮಾತ್ರ ನಡೆಯುತ್ತಿರುವುದನ್ನು ಕೆದಕಬೇಡಿ ಅನ್ನುತ್ತಾರೆ. ಅದು ನಿಜವಾಗಿ ಏನು ಮಾಡುತ್ತದೆ? ಇಲ್ಲಿಗೆ ಬಂದರೆ ಅಲ್ಲಿಂದ ಹೋಗುತ್ತದಾ? ಎರಡು ಕಂಪ್ಯೂಟರ್ ಪರವಾಗಿಲ್ಲ, ಒಂದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕೋಲಾರ_ಸರ್ವಿಸ್

ಅಕ್ಕಾ, ಮೇಲ್ ಎಲ್ಲಿ ಇರುತ್ತದೆ ಅನ್ನುವುದು ಒಂದು, ಅದನ್ನು ಯಾವುದರಲ್ಲಿ ನೋಡುತ್ತೀರಿ ಅನ್ನುವುದು ಇನ್ನೊಂದು. ನಿಮ್ಮ ಪರಿಚಯದವರು ಎರಡನ್ನೂ ಒಂದೇ ಮಾಡಿ ಹೇಳಿದ್ದಾರೆ. ನಾನು ಕೋಲಾರ, ಬಂಗಾರಪೇಟೆ ಕಡೆ ಅಂಗಡಿ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ, ಹೋದ ಕಡೆಯೆಲ್ಲ ಇದೇ ಗೊಂದಲ.

ಬ್ರೌಸರ್‌ನಲ್ಲಿ ನೋಡುವಾಗ ಮೇಲ್ ಸರ್ವರ್‌ನಲ್ಲೇ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರ್‌ನಲ್ಲೇ ಇರುತ್ತದೆ. ಪುಟ ತೆರೆದಾಗ ತೋರಿಸುತ್ತದೆ, ಮುಚ್ಚಿದರೆ ಆಯಿತು. ನೀವಾಗಿ ಡೌನ್‌ಲೋಡ್ ಮಾಡಿದ ಫೈಲು ಬಿಟ್ಟರೆ ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಥಂಡರ್‌ಬರ್ಡ್, ಹಳೇ ಔಟ್‌ಲುಕ್ ಇವು ಅದೇ ಸರ್ವರ್ ಜೊತೆ ನೇರವಾಗಿ ಮಾತಾಡುವ ಪ್ರೋಗ್ರಾಮುಗಳು. ಮೇಲ್ ತರಲು ಎರಡು ದಾರಿ: ಐಮ್ಯಾಪ್ ಮತ್ತು ಪಾಪ್. ಕಳುಹಿಸುವುದಕ್ಕೆ ಎಸ್‌ಎಂಟಿಪಿ, ಅದು ಎರಡಕ್ಕೂ ಒಂದೇ. ಖಾತೆ ಸೇರಿಸುವಾಗ ಐಮ್ಯಾಪಾ ಪಾಪಾ ಅಂತ ಒಂದು ಆಯ್ಕೆ ಬರುತ್ತದೆ. ಬಹಳ ಜನ ಅದನ್ನು ಓದದೇ ಮುಂದೆ ಒತ್ತುತ್ತಾರೆ, ಆದರೆ ನೀವು ಕೇಳಿದ 'ಅಲ್ಲಿಂದ ಹೋಗುತ್ತದಾ' ಅನ್ನುವುದಕ್ಕೆ ಉತ್ತರ ಇರುವುದೇ ಅಲ್ಲಿ.

ಪಾಪ್ ಹಳೇ ಕಾಲದ ದಾರಿ. ಫೋನ್ ಲೈನಿನಲ್ಲಿ ನೆಟ್ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ನಿಮಿಷ ನಿಮಿಷಕ್ಕೂ ಬಿಲ್ಲು ಏರುತ್ತಿತ್ತು. ಹಾಗಾಗಿ ಲೈನ್ ಹಾಕು, ಬಂದ ಮೇಲ್ ಇಳಿಸಿಕೋ, ಲೈನ್ ಕಡಿ, ಆಮೇಲೆ ನಿಧಾನವಾಗಿ ಓದು. ಅಂಚೆ ಕಚೇರಿಗೆ ಹೋಗಿ ನಮ್ಮ ಕಾಗದ ಎತ್ತಿಕೊಂಡು ಮನೆಗೆ ಬಂದ ಹಾಗೆ, ಅಲ್ಲಿ ಏನೂ ಉಳಿಯುವುದಿಲ್ಲ. ಸರ್ವರ್‌ನಲ್ಲೂ ಬಿಡು ಅನ್ನುವ ಆಯ್ಕೆ ಇದೆ, ಆದರೆ ಅದಕ್ಕೆ ಗುರುತು ಇದೆಯಾ ಇಲ್ಲವಾ ಅಂತ ನೋಡಬೇಕು. ಇನ್ನೊಂದು, ಪಾಪ್ ತರುವುದು ಇನ್‌ಬಾಕ್ಸ್ ಮಾತ್ರ. ನೀವು ಮಾಡಿಕೊಂಡ ಫೋಲ್ಡರ್, ಕಳುಹಿಸಿದ ಮೇಲ್ ಅದಕ್ಕೆ ಕಾಣುವುದಿಲ್ಲ.

ಐಮ್ಯಾಪ್‌ನಲ್ಲಿ ಮೂಲ ಸರ್ವರ್‌ನಲ್ಲೇ ಇರುತ್ತದೆ, ನಿಮ್ಮ ಕಂಪ್ಯೂಟರ್ ಅದರ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಅನ್ನುವವರು ಇದನ್ನು ಕಟ್ಟಿದ್ದು, ಇವತ್ತಿಗೂ ನಡೆಯುತ್ತಿದೆ. ಒಬ್ಬರು ಓದಿದರೆ ಉಳಿದವರಿಗೂ ಓದಿದ್ದು ಅಂತ ಕಾಣುತ್ತದೆ. ಒಬ್ಬರು ಉತ್ತರ ಕೊಟ್ಟರೆ ಅದು ಸೆಂಟ್ ಫೋಲ್ಡರ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಮೂವರು ಒಂದೇ ಖಾತೆ ನೋಡುವ ನಿಮ್ಮಂಥ ಆಫೀಸಿಗೆ ಐಮ್ಯಾಪ್ ಬಿಟ್ಟು ಬೇರೆ ಹಾಕಲೇಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಲ್ಲೇ ಒಂದು ಬಿಡಿಭಾಗದ ಅಂಗಡಿಯಲ್ಲಿ ಯಾರೋ ಪಾಪ್ ಹಾಕಿಕೊಟ್ಟು ಹೋಗಿದ್ದರು. ವರ್ಷಗಟ್ಟಲೆ ಚೆನ್ನಾಗೇ ನಡೆಯಿತು. ಒಂದು ದಿನ ಹಾರ್ಡ್ ಡಿಸ್ಕ್ ಕಟ ಕಟ ಅನ್ನಲು ಶುರುವಾಗಿ ನಿಂತೇ ಹೋಯಿತು. ಪರವಾಗಿಲ್ಲ, ಮೇಲ್ ಎಲ್ಲ ವೆಬ್‌ನಲ್ಲಿ ಇದ್ದೇ ಇರುತ್ತದಲ್ಲ ಅಂತ ಮಾಲೀಕರು ಬೇರೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆದರು. ಇನ್‌ಬಾಕ್ಸ್‌ನಲ್ಲಿ ಇದ್ದಿದ್ದು ಹಿಂದಿನ ಸಂಜೆಯಿಂದ ಬಂದ ನಾಲ್ಕೈದು ಮೇಲ್ ಅಷ್ಟೇ. ಹಳೇ ಆರ್ಡರು, ಕೊಟೇಷನ್ನು ಯಾವುದೂ ಇಲ್ಲ. ಅವರು ಏನೂ ಮಾತಾಡದೆ ಪರದೆ ನೋಡುತ್ತಾ ಕೂತುಬಿಟ್ಟರು.

ನೆಟ್ಟಿನ ವಿಷಯ. ಐಮ್ಯಾಪ್ ಹಾಕಿದ ಮೇಲೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಸಿಂಕ್ರನೈಸೇಷನ್ ಅಂಡ್ ಸ್ಟೋರೇಜ್' ಅಂತ ಇರುತ್ತದೆ. ಅಲ್ಲಿ ಈ ಖಾತೆಯ ಮೇಲ್ ಕಂಪ್ಯೂಟರ್‌ನಲ್ಲಿ ಇಡು ಅನ್ನುವುದಕ್ಕೆ ಗುರುತು ಇರಲಿ. ಆಗ ಇಳಿದು ಮುಗಿದ ಮೇಲ್ ಅಟ್ಯಾಚ್‌ಮೆಂಟ್ ಸಮೇತ ನೆಟ್ ಇಲ್ಲದಿದ್ದರೂ ತೆರೆಯುತ್ತದೆ. 20ನೇ ತಾರೀಖು ನೆಟ್ ಹೋದರೂ ಬಿಲ್ಲು ತೆಗೆದು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹತ್ತಿಸುವ ಕೆಲಸ ನಿಲ್ಲುವುದಿಲ್ಲ. ಉತ್ತರ ಬರೆದು 'ಸೆಂಡ್ ಲೇಟರ್' ಕೊಟ್ಟರೆ ಔಟ್‌ಬಾಕ್ಸ್‌ನಲ್ಲಿ ಇರುತ್ತದೆ, ನೆಟ್ ಬಂದ ಮೇಲೆ ಕಳುಹಿಸಬಹುದು.

4 ಜಿಬಿ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಮೊದಲ ಸಲ ಎಲ್ಲ ಇಳಿಸಿಕೊಂಡು ಹುಡುಕುವ ಪಟ್ಟಿ ಕಟ್ಟಿಕೊಳ್ಳುವವರೆಗೆ ಎಳೆಯುತ್ತದೆ. ಶನಿವಾರ ಸಂಜೆ ಶುರು ಮಾಡಿ ಬಿಟ್ಟು ಹೋಗಿ.

ಶಿಡ್ಲಘಟ್ಟ_ನೂಲು

ಮೇಡಂ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಮ್ಮದು ರೇಷ್ಮೆ ನೂಲಿನ ವ್ಯವಹಾರ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಫೋನಿನಲ್ಲಿ ನೋಡುತ್ತೇನೆ, ಮಧ್ಯಾಹ್ನ ನೂಲು ತೆಗೆಯುವ ಫಿಲೇಚರ್‌ನಲ್ಲಿರುವ ಕಂಪ್ಯೂಟರ್, ರಾತ್ರಿ ಮನೆಯಲ್ಲಿ ಮಗಳ ಲ್ಯಾಪ್‌ಟಾಪ್. ಎಲ್ಲ ಕಡೆ ಬ್ರೌಸರ್ ಅಥವಾ ಜಿಮೇಲ್ ಆ್ಯಪ್. ಒಮ್ಮೆ ವೋಲ್ಟೇಜ್ ಏರುಪೇರಾಗಿ ಕಂಪ್ಯೂಟರ್ ಸುಟ್ಟು ಹೋಯಿತು. ಬೇರೆ ತಂದು ಲಾಗಿನ್ ಆದೆ, ಮುಗಿಯಿತು. ಏನನ್ನೂ ಮತ್ತೆ ಸೆಟ್ ಮಾಡುವ ಕೆಲಸವೇ ಇರಲಿಲ್ಲ.

ವೆಬ್‌ಮೇಲ್ ಗೆದ್ದಿದ್ದೇ ಇದರಿಂದ. ಹಾಟ್‌ಮೇಲ್ ಶುರುವಾಗಿದ್ದು 1996ರಲ್ಲಿ. ಸ್ವಂತ ಕಂಪ್ಯೂಟರ್ ಇಲ್ಲದವರೂ ಸೈಬರ್ ಸೆಂಟರ್‌ಗೆ ಹೋಗಿ ಗಂಟೆಗೆ ಇಷ್ಟು ಅಂತ ಕೊಟ್ಟು ಮೇಲ್ ನೋಡುವಂತಾಗಿದ್ದು ಅದರಿಂದಲೇ ಅಲ್ವಾ? ಇಳಿಸಿಕೊಳ್ಳುವ ಪ್ರೋಗ್ರಾಮು ಸೈಬರ್‌ನಲ್ಲಿ ಯಾರಿಗೆ ಉಪಯೋಗ! ಆಗ ಹಾಟ್‌ಮೇಲ್ ಕೊಡುತ್ತಿದ್ದುದು 2 ಎಂಬಿ, ನಾಲ್ಕು ಫೋಟೋ ಬಂದರೆ ತುಂಬಿಹೋಗುತ್ತಿತ್ತು. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಕೊಡುತ್ತೇವೆ ಅಂದಾಗ ಬಹಳ ಜನ ಏಪ್ರಿಲ್ ಫೂಲ್ ಅಂತಲೇ ತಿಳಿದುಕೊಂಡಿದ್ದರು. ಈಗ 15 ಜಿಬಿ.

ನೆಟ್ ಇಲ್ಲದಾಗ ನೋಡಲು ಜಿಮೇಲ್‌ನಲ್ಲೇ ದಾರಿ ಇದೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಆಫ್‌ಲೈನ್' ಒತ್ತಿ, 7, 30 ಅಥವಾ 90 ದಿನದ ಮೇಲ್ ಇಟ್ಟುಕೊಳ್ಳಬಹುದು. ನಿಮಗೆ ಬೇಕಿರುವುದು ಈ ತಿಂಗಳ ಬಿಲ್ಲು ತಾನೇ, 90 ದಿನ ಧಾರಾಳ ಸಾಕು.

ಇನ್ನೊಂದು, ದೊಡ್ಡ ಫೈಲು. ಜಿಮೇಲ್‌ನಲ್ಲಿ ಕಳುಹಿಸುವ ಮಿತಿ 25 ಎಂಬಿ. ಬ್ರೌಸರ್‌ನಲ್ಲಿ ಅದು ದಾಟಿದರೆ ತಾನೇ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸುತ್ತದೆ. ಥಂಡರ್‌ಬರ್ಡ್‌ನಿಂದ ಹಾಗೆ ಆಗುವುದಿಲ್ಲ. ಅದರ ಮೇಲೆ, ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಹೋಗುವಾಗ ಅಕ್ಷರಗಳಾಗಿ ಬದಲಾಗಿ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. 20 ಎಂಬಿ ಫೈಲು ದಾರಿಯಲ್ಲಿ ಸುಮಾರು 27 ಎಂಬಿ, ಉಬ್ಬಿದ ಗಾತ್ರವನ್ನೇ ಲೆಕ್ಕ ಹಾಕುವ ಸರ್ವರ್‌ನಲ್ಲಿ ಮಿತಿ 25 ಇದ್ದರೆ ವಾಪಸ್ ಬರುತ್ತದೆ. ಫೈಲು 20 ಇದೆ, ಮಿತಿ 25 ಇದೆ, ಯಾಕೆ ಹೋಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ನನ್ನ ಪ್ರಕಾರ ನಿಮ್ಮ ಸಾರ್ ಹೇಳುವುದೂ ತಪ್ಪಲ್ಲ.

ಲೆಕ್ಕದಕ್ಕ_ತುಮಕೂರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪಾಪ್, ಐಮ್ಯಾಪ್ ವ್ಯತ್ಯಾಸ ಈಗ ಅರ್ಥವಾಯಿತು. ನೂಲು ಸಾರ್, 90 ದಿನ ಸಾಕಾಗುವುದಿಲ್ಲ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕಡೇ ತಾರೀಖಿನಿಂದ 72 ತಿಂಗಳು ಇಡಬೇಕು ಅಂತ ಕಾನೂನೇ ಇದೆ. ಮೂರು ವರ್ಷ ಹಿಂದಿನ ಬಿಲ್ಲು ತೋರಿಸಿ ಅಂತ ನೋಟಿಸು ಬಂದರೆ ಆ ಪಾರ್ಟಿ ನಮ್ಮ ಮುಖ ನೋಡುತ್ತಾರೆ, ನಾವು ಮೇಲ್ ಹುಡುಕುತ್ತೇವೆ. ಹಳೇ ಮೇಲ್ ನಮಗೆ ಕಸ ಅಲ್ಲ.

ಆದರೆ ನನ್ನ ಮುಖ್ಯ ಕಷ್ಟ ಇನ್ನೂ ಹಾಗೇ ಇದೆ. ಐಮ್ಯಾಪ್‌ನಲ್ಲಿ ಇಳಿಸಿಕೊಂಡ ಮೇಲೆ ಜಿಮೇಲ್‌ನಲ್ಲಿ ಹಳೇದೆಲ್ಲ ಅಳಿಸಿ ಜಾಗ ಮಾಡಿಕೊಳ್ಳಬಹುದಾ? ಕಂಪ್ಯೂಟರ್‌ನಲ್ಲಿ ಪ್ರತಿ ಇದ್ದೇ ಇರುತ್ತದಲ್ಲ.

ಚಿಂತಾಮಣಿ_ಮೇಷ್ಟ್ರು

ತಾಯಿ, ನಿಲ್ಲಿ. ಹಾಗೆ ಅಳಿಸಬೇಡಿ.

ಐಮ್ಯಾಪ್‌ನ ಪ್ರತಿ ಅಂದರೆ ಸರ್ವರ್‌ನಲ್ಲಿ ಈಗ ಏನಿದೆಯೋ ಅದರ ಪ್ರತಿ. ಅಲ್ಲಿ ಅಳಿಸಿದರೆ ಥಂಡರ್‌ಬರ್ಡ್ ಮುಂದಿನ ಸಲ ಸರ್ವರ್ ನೋಡಿದಾಗ, ಓ ಅಲ್ಲಿ ಇಲ್ಲ, ಇಲ್ಲೂ ತೆಗೆಯೋಣ ಅಂತ ತೆಗೆಯುತ್ತದೆ. ಅದು ಕೆಟ್ಟು ಹೋಗಿದ್ದಲ್ಲ, ಅದರ ಕೆಲಸವೇ ಹೊಂದಿಸುವುದು. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಜಿಮೇಲ್‌ನಲ್ಲಿ ಬಿನ್‌ಗೆ ಹೋಗಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಐಮ್ಯಾಪ್ ಹಾಕಿಕೊಂಡೆವು, ಬ್ಯಾಕಪ್ ಆಯಿತು ಅಂದುಕೊಂಡು ಸರ್ವರ್ ಖಾಲಿ ಮಾಡಿ ಅಳುವವರನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮಗೆ ಬೇಕಿರುವುದು ಥಂಡರ್‌ಬರ್ಡ್‌ನ ಎಡಗಡೆ ಪಟ್ಟಿಯಲ್ಲಿ, ಖಾತೆಗಳೆಲ್ಲ ಮುಗಿದ ಮೇಲೆ ಕೆಳಗೆ ಕಾಣುವ 'ಲೋಕಲ್ ಫೋಲ್ಡರ್ಸ್'. ಅದಕ್ಕೂ ಸರ್ವರ್‌ಗೂ ಸಂಬಂಧವೇ ಇಲ್ಲ. ಅಲ್ಲಿಗೆ ಹಾಕಿದ್ದು ನಿಮ್ಮ ಡಿಸ್ಕ್‌ನಲ್ಲೇ, ನೀವು ಅಳಿಸುವವರೆಗೂ.

ಅದರೊಳಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ. ನಿಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್ ಅಲ್ವಾ, 2021-22, 2022-23 ಹೀಗೆ ಹೆಸರಿಡಿ. ಮೇಲ್ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿ, ಆ ವರ್ಷದ ಮೊದಲ ಮೇಲ್ ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿ, ಬಲಗಡೆ ಬಟನ್ ಒತ್ತಿದರೆ 'ಮೂವ್ ಟು', 'ಕಾಪಿ ಟು' ಎರಡೂ ಬರುತ್ತವೆ. ಕಾಪಿಯನ್ನೇ ಆರಿಸಿ. ಮೂವ್ ಕೊಟ್ಟರೆ ನಡುವೆ ನೆಟ್ ಕಡಿದಾಗ ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಿ ಯಾವುದು ಎಲ್ಲಿ ಅಂತ ಗೊತ್ತಾಗದೆ ಒದ್ದಾಡುತ್ತೀರಿ. ಕಾಪಿ ಮುಗಿದ ಮೇಲೆ ಎರಡೂ ಕಡೆ ಎಷ್ಟೆಷ್ಟು ಇವೆ ಅಂತ ಹೊಂದಿಸಿ. ಆಮೇಲೆ ನೆಟ್ ತೆಗೆದು, ಲೋಕಲ್ ಫೋಲ್ಡರ್‌ನಲ್ಲಿ ಅಲ್ಲೊಂದು ಇಲ್ಲೊಂದು ಮೇಲ್ ಆರಿಸಿ ಪಿಡಿಎಫ್ ತೆರೆದು ನೋಡಿ. ತೆರೆಯಿತಾ? ಹಾಗಿದ್ದರೆ ಸರಿ. ಆದರೆ ಇಷ್ಟಕ್ಕೇ ಸರ್ವರ್‌ನಲ್ಲಿ ಅಳಿಸಬೇಡಿ. ಈಗ ನೀವು ಕೋಲಾರದವರು ಹೇಳಿದ ಅಂಗಡಿಯ ಸ್ಥಿತಿಗೇ ಹೋಗುತ್ತಿದ್ದೀರಿ, ಎಲ್ಲ ಒಂದೇ ಡಿಸ್ಕ್ ಮೇಲೆ.

ಅದಕ್ಕೆ ಎರಡನೇ ಪ್ರತಿ, ಅದು ಆದ ಮೇಲೆಯೇ ಅಳಿಸುವ ಮಾತು. ಥಂಡರ್‌ಬರ್ಡ್‌ನಲ್ಲಿ ಹೆಲ್ಪ್ ಮೆನು, ಅದರಲ್ಲಿ 'ಟ್ರಬಲ್‌ಶೂಟಿಂಗ್ ಇನ್‌ಫರ್ಮೇಷನ್', ಅಲ್ಲಿ 'ಪ್ರೊಫೈಲ್ ಫೋಲ್ಡರ್' ಎದುರು 'ಓಪನ್ ಫೋಲ್ಡರ್' ಒತ್ತಿ. ನಿಮ್ಮ ಮೇಲ್, ವಿಳಾಸ, ಸೆಟ್ಟಿಂಗ್ ಎಲ್ಲ ಇರುವುದು ಆ ಒಂದು ಫೋಲ್ಡರ್‌ನಲ್ಲೇ. ಥಂಡರ್‌ಬರ್ಡ್ ಮುಚ್ಚಿ, ಅದನ್ನು ಇಡಿಯಾಗಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ, ಆ ಡಿಸ್ಕ್ ಬೀರುವಿನಲ್ಲಿಡಿ. ಪ್ರತಿ ತಿಂಗಳು ರಿಟರ್ನ್ ಮುಗಿದ ಮಾರನೇ ದಿನ ಮಾಡುವ ಕೆಲಸ ಅಂತ ಇಟ್ಟುಕೊಳ್ಳಿ.

ಪೆನ್ ಡ್ರೈವ್‌ಗೆ ಹಾಕುವಾಗ ಒಂದು ತೊಡಕು ಬರುತ್ತದೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಮೇಲ್ ಫೋಲ್ಡರನ್ನು ಎಂಬಾಕ್ಸ್ ಅನ್ನುವ ಒಂದೇ ಫೈಲಾಗಿ ಇಡುತ್ತದೆ. ಹಳೇ ಪೆನ್ ಡ್ರೈವ್‌ಗಳು ಫ್ಯಾಟ್32 ಮಾದರಿಯವು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದೇ ಇಲ್ಲ, ಜಾಗ 32 ಜಿಬಿ ಖಾಲಿ ಇದ್ದರೂ. ವರ್ಷಕ್ಕೊಂದು ಫೋಲ್ಡರ್ ಅಂದಿದ್ದು ಇದಕ್ಕೂ ಸೇರಿ. ಇಲ್ಲವೆಂದರೆ ಡ್ರೈವನ್ನು ಆ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಜಿಮೇಲ್‌ಗೆ ಮಾತ್ರ ಸೇರಿದ್ದು ಒಂದು ಇದೆ. ಅದರಲ್ಲಿ ಮೇಲ್‌ಗೆ ಅಂಟಿಸುವ ಲೇಬಲ್‌ಗಳು ಥಂಡರ್‌ಬರ್ಡ್‌ಗೆ ಫೋಲ್ಡರ್ ಥರ ಕಾಣುತ್ತವೆ, ಜೊತೆಗೆ 'ಆಲ್ ಮೇಲ್' ಅಂತ ಎಲ್ಲ ಸೇರಿದ್ದು ಬೇರೆ. ಹಾಗೇ ಬಿಟ್ಟರೆ ಒಂದೇ ಮೇಲ್ ಎರಡೆರಡು ಸಲ ಇಳಿಯುತ್ತದೆ. ಖಾತೆಯ ಹೆಸರಿನ ಮೇಲೆ ಬಲಗಡೆ ಒತ್ತಿ 'ಸಬ್‌ಸ್ಕ್ರೈಬ್' ತೆಗೆದು ಆಲ್ ಮೇಲ್‌ನ ಗುರುತು ತೆಗೆಯಿರಿ. ಆದರೆ ಆರ್ಕೈವ್ ಮಾಡಿದ್ದೂ, ಅಂದರೆ ಅಳಿಸದೆ ಇನ್‌ಬಾಕ್ಸ್‌ನಿಂದ ತೆಗೆದಿಟ್ಟಿದ್ದೂ ಬೇಕು ಅನ್ನುವುದಾದರೆ ಲೋಕಲ್‌ಗೆ ಹಾಕುವಾಗ ಆಲ್ ಮೇಲ್‌ನಿಂದಲೇ ಹಾಕಬೇಕು, ಯಾಕೆಂದರೆ ಲೇಬಲ್ ಇಲ್ಲದೆ ಆರ್ಕೈವ್ ಆದದ್ದು ಇರುವುದು ಅಲ್ಲಿ ಮಾತ್ರ.

ಜಾಗ ಬೇಗ ಬೇಕಿದ್ದರೆ ಎಲ್ಲ ಹಳೇದನ್ನೂ ಅಳಿಸುವ ಅಗತ್ಯವೇ ಇಲ್ಲ. ಪಟ್ಟಿಗೆ 'ಸೈಜ್' ಕಾಲಂ ಸೇರಿಸಿ ಅದರ ತಲೆ ಮೇಲೆ ಒತ್ತಿ, ದೊಡ್ಡವು ಮೇಲೆ ಬರುತ್ತವೆ. ಪೂರ್ತಿ ವರ್ಷದ ಬಿಲ್ಲು ಸ್ಕ್ಯಾನ್ ಮಾಡಿ ಒಟ್ಟಿಗೆ ಕಳಿಸುವ ಪಾರ್ಟಿಗಳು ಇರುತ್ತಾರಲ್ಲ, ಅವರದ್ದೇ ಅರ್ಧ ಜಾಗ ತಿಂದಿರುತ್ತದೆ. ಆ 15 ಜಿಬಿ ಜಿಮೇಲ್‌ಗೆ ಮಾತ್ರ ಅಲ್ಲ, ಡ್ರೈವ್ ಮತ್ತು ಫೋಟೋಸ್‌ಗೂ ಸೇರಿದ್ದು. ಆ ಖಾತೆ ಯಾರ ಫೋನಿನಲ್ಲಾದರೂ ಇದ್ದು ಮದುವೆ ಫೋಟೋ ಎಲ್ಲ ಅದಕ್ಕೇ ಹೋಗುತ್ತಿದೆಯಾ ಅಂತ ಒಮ್ಮೆ ನೋಡಿ.

ಕುಣಿಗಲ್_ಹುಡುಗ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಹೊಸ ಔಟ್‌ಲುಕ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಸೇರಿಸುತ್ತೇನೆ. ವಿಂಡೋಸ್ 10ರ ಜೊತೆ ಬರುತ್ತಿದ್ದ ಮೇಲ್ ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಅದರ ಜಾಗಕ್ಕೆ ಹೊಸ ಔಟ್‌ಲುಕ್ ಅಂತ ಬರುತ್ತದೆ. ನೋಡಲು ಕಂಪ್ಯೂಟರ್ ಪ್ರೋಗ್ರಾಮಿನ ಹಾಗೇ ಇದೆ, ಆದರೆ ಜಿಮೇಲ್ ಅಥವಾ ನಿಮ್ಮ ಡೊಮೈನ್ ಖಾತೆ ಅದಕ್ಕೆ ಸೇರಿಸಿದರೆ ನಿಮ್ಮ ಮೇಲ್ ಮೈಕ್ರೋಸಾಫ್ಟ್‌ನ ಸರ್ವರ್‌ಗೆ ಸಿಂಕ್ ಆಗಿ ಅಲ್ಲಿಂದ ನಿಮಗೆ ಕಾಣುತ್ತದೆ. ಸೇರಿಸುವಾಗ ಅದೇ ಒಂದು ಪರದೆಯಲ್ಲಿ ಹೇಳುತ್ತದೆ, ನಾವು ಓದುವುದಿಲ್ಲ ಅಷ್ಟೇ. ನಿಮ್ಮ ಕಕ್ಷಿದಾರರ ಬ್ಯಾಂಕ್ ಸ್ಟೇಟ್‌ಮೆಂಟು ಇನ್ನೊಂದು ಕಡೆಗೂ ಹೋಗುವುದು ಬೇಕಾ ಅಂತ ಯೋಚಿಸಿ. ಆಫೀಸ್ ಜೊತೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ಹಳೇ ಔಟ್‌ಲುಕ್ ಬೇರೆ, ಅದು ನಿಮ್ಮ ಡಿಸ್ಕ್‌ನಲ್ಲೇ ಇಡುತ್ತದೆ.

ಥಂಡರ್‌ಬರ್ಡ್‌ಗೆ ದುಡ್ಡು ಇಲ್ಲ. ಮೊದಲ ಪೂರ್ಣ ಆವೃತ್ತಿ ಬಂದಿದ್ದು 2004ರ ಡಿಸೆಂಬರ್‌ನಲ್ಲಿ, ಈಗಲೂ ಜನ ಕೊಡುವ ದೇಣಿಗೆಯಲ್ಲೇ ಮುಖ್ಯವಾಗಿ ನಡೆಯುತ್ತಿದೆ. ಜಿಮೇಲ್ ಸೇರಿಸುವಾಗ ಗೂಗಲ್‌ನದೇ ಲಾಗಿನ್ ಕಿಟಕಿ ತೆರೆದುಕೊಳ್ಳುತ್ತದೆ, ಅಲ್ಲಿ ಒಪ್ಪಿಗೆ ಕೊಟ್ಟರೆ ಸಾಕು. ಡೊಮೈನ್ ಖಾತೆಗೆ ತಾನೇ ಸೆಟ್ಟಿಂಗ್ ಹುಡುಕುತ್ತದೆ. ಸಿಗದಿದ್ದರೆ ಹೋಸ್ಟಿಂಗ್‌ನವರ ಹತ್ತಿರ ಸರ್ವರ್ ಹೆಸರು ಕೇಳಿ, ಸೆಟ್ಟಿಂಗ್‌ನಲ್ಲಿ ಕೇಳುವ ಪೋರ್ಟ್ ಸಂಖ್ಯೆ ಐಮ್ಯಾಪ್‌ಗೆ 993, ಕಳುಹಿಸಲು 465 ಅಥವಾ 587.

ಲೆಕ್ಕದಕ್ಕ_ತುಮಕೂರು

ಮೇಷ್ಟ್ರೇ, ನೀವು ಸಮಯಕ್ಕೆ ಸರಿಯಾಗಿ ತಡೆದಿರಿ. ಇಡೀ ಥ್ರೆಡ್ ಪ್ರಿಂಟ್ ತೆಗೆದು ಸಾರ್‌ಗೆ ಕೊಟ್ಟೆ. ಓದಿ ಅವರು ಕೇಳಿದ್ದು ಒಂದೇ: ಮೂರು ಕಂಪ್ಯೂಟರ್‌ನಲ್ಲೂ ಎಲ್ಲ ಮೇಲ್ ಇಳಿದು ಕೂತರೆ, ಯಾರಾದರೂ ಲ್ಯಾಪ್‌ಟಾಪ್ ಕದ್ದರೆ ಪಾರ್ಟಿಗಳ ಲೆಕ್ಕ ಎಲ್ಲ ಬೀದಿಗೆ ಬರುವುದಿಲ್ಲವಾ? ಆ ಹಳೇ ಲ್ಯಾಪ್‌ಟಾಪ್ ಒಬ್ಬರು ಮನೆಗೂ ಒಯ್ಯುತ್ತಾರೆ. ಇದಕ್ಕೆ ಉತ್ತರ ಸಿಕ್ಕರೆ ಹಾಕಿಕೊಳ್ಳಿ ಅಂದಿದ್ದಾರೆ.

ಇನ್ನೊಂದು ಸಣ್ಣದು. ಕೆಲವರು ಕಳಿಸುವ ಕನ್ನಡ ಪತ್ರ ಬ್ರೌಸರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಥಂಡರ್‌ಬರ್ಡ್‌ನಲ್ಲಿ ಅದು ಸರಿ ಹೋಗುತ್ತದಾ?

ಕುಣಿಗಲ್_ಹುಡುಗ

ಕನ್ನಡದ್ದು ಮೊದಲು ಹೇಳುತ್ತೇನೆ. ಅದು 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಎಲ್ಲ ಕಡೆ ಕನ್ನಡವಾಗೇ ಕಾಣುವ ಯೂನಿಕೋಡ್ ಅಲ್ಲ. ಒಳಗೆ ಇರುವುದೇ ಇಂಗ್ಲಿಷ್ ಸಂಕೇತ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಬ್ರೌಸರ್ ಆಗಲಿ ಥಂಡರ್‌ಬರ್ಡ್ ಆಗಲಿ ಸರಿ ಮಾಡಲಾರವು. ವರ್ಡ್ ಫೈಲಾದರೆ ಆ ಫಾಂಟ್ ಹಾಕಿಕೊಂಡು ತೆರೆಯಿರಿ, ಇಲ್ಲವೇ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ಕಳಿಸುವವರಿಗೆ ಪಿಡಿಎಫ್ ಮಾಡಿ ಕಳಿಸಿ ಅನ್ನಿ, ಅದೇ ಸುಲಭ.

ಕೋಲಾರ_ಸರ್ವಿಸ್

ನಿಮ್ಮ ಸಾರ್ ಕೇಳಿದ್ದು ಬಹಳ ಸರಿಯಾದ ಪ್ರಶ್ನೆ ಅಕ್ಕಾ, ನಾನೇ ಮೊದಲು ಹೇಳಬೇಕಿತ್ತು ಅನ್ನುವಂಥದ್ದು. ಪ್ರೊಫೈಲ್ ಫೋಲ್ಡರ್‌ನಲ್ಲಿ ಮೇಲ್‌ಗೆ ಬೀಗ ಇರುವುದಿಲ್ಲ. ಡಿಸ್ಕ್ ಸಿಕ್ಕವರು ನೋಟ್‌ಪ್ಯಾಡ್‌ನಲ್ಲೂ ಓದಬಹುದು. ಸೆಟ್ಟಿಂಗ್ಸ್‌ನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಅಂತ ಇದೆ, ಅದನ್ನು ಹಾಕಿ, ಆದರೆ ಅದು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕಾಯುತ್ತದೆ, ಮೇಲ್‌ಗಳನ್ನಲ್ಲ. ಮೇಲ್ ಕಾಯಬೇಕಾದರೆ ಡಿಸ್ಕ್‌ಗೇ ಬೀಗ ಹಾಕಬೇಕು, ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್. ಅದರ ರಿಕವರಿ ಕೀ ಬರೆದು ಬೀರುವಿನಲ್ಲಿಡಿ. ಹೊರಗಿನ ಡಿಸ್ಕ್‌ಗೂ ಹಾಕಿ.

ಆದರೆ ಮೂರೂ ಕಡೆ ಹಾಕುವ ಅಗತ್ಯವೇ ಇಲ್ಲ ಅಂತ ಈಗ ಅನ್ನಿಸುತ್ತಿದೆ. ನೂಲು ಸಾರ್ ಹೇಳಿದ್ದರಲ್ಲೂ ಹುರುಳಿದೆ. ಜಿಮೇಲ್‌ನಲ್ಲಿ ಸೆಟ್ಟಿಂಗ್ಸ್, 'ಅಕೌಂಟ್ಸ್ ಅಂಡ್ ಇಂಪೋರ್ಟ್', ಅದರಲ್ಲಿ 'ಗ್ರಾಂಟ್ ಆ್ಯಕ್ಸೆಸ್ ಟು ಯುವರ್ ಅಕೌಂಟ್' ಅಂತ ಇದೆ. ನಿಮ್ಮ ಮೂವರ ಸ್ವಂತ ಜಿಮೇಲ್ ವಿಳಾಸ ಅಲ್ಲಿ ಸೇರಿಸಿದರೆ ಆಫೀಸ್ ಖಾತೆಯ ಪಾಸ್‌ವರ್ಡ್ ಯಾರಿಗೂ ಕೊಡದೆ ಮೂವರೂ ಓದಬಹುದು, ಉತ್ತರ ಕೊಡಬಹುದು. ಯಾರಾದರೂ ಕೆಲಸ ಬಿಟ್ಟರೆ ಅವರ ಹೆಸರು ತೆಗೆದರೆ ಆಯಿತು. ಈ ಅನುಕೂಲ ಬ್ರೌಸರ್‌ನಲ್ಲಿ ಸಿಗುತ್ತದೆ, ಐಮ್ಯಾಪ್‌ನಲ್ಲಿ ಬರುವುದಿಲ್ಲ. ಈಗ ಮೂವರು ಒಂದೇ ಪಾಸ್‌ವರ್ಡ್ ಹಂಚಿಕೊಂಡಿರುವುದು ಲ್ಯಾಪ್‌ಟಾಪ್ ಕಳ್ಳತನಕ್ಕಿಂತ ದೊಡ್ಡ ಅಪಾಯ.

ಹಾಗಾಗಿ ಜಿಮೇಲ್‌ನ ದಿನದ ಕೆಲಸ ಬ್ರೌಸರ್‌ನಲ್ಲೇ ಇರಲಿ. ಆಫೀಸ್ ಬಿಟ್ಟು ಹೋಗದ, ಯುಪಿಎಸ್ ಇರುವ ಒಂದು ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಥಂಡರ್‌ಬರ್ಡ್ ಹಾಕಿ ಎರಡೂ ಖಾತೆ ಐಮ್ಯಾಪ್‌ನಲ್ಲಿ ಸೇರಿಸಿ. ನೆಟ್ ಹೋದ ದಿನ ಆ ಮೆಷಿನ್‌ನಿಂದ ಬಿಲ್ಲು ತೆಗೆಯಿರಿ, ಮೇಷ್ಟ್ರು ಹೇಳಿದ ವರ್ಷವಾರು ದಾಸ್ತಾನೂ ಅಲ್ಲೇ. 2 ಜಿಬಿ ಡೊಮೈನ್ ಖಾತೆಯನ್ನು ಮೊದಲು ಖಾಲಿ ಮಾಡಿ, ಅದು ತುಂಬಿದರೆ ಪಾರ್ಟಿ ಕಳಿಸಿದ ಮೇಲ್ ವಾಪಸ್ ಹೋಗುತ್ತದೆ. ಮನೆಗೆ ಒಯ್ಯುವ ಹಳೇ ಲ್ಯಾಪ್‌ಟಾಪ್‌ಗೆ ಏನೂ ಹಾಕಬೇಡಿ, ಬ್ರೌಸರ್ ಸಾಕು.

ಶಿಡ್ಲಘಟ್ಟ_ನೂಲು

ಇದಕ್ಕೆ ನನ್ನ ತಕರಾರಿಲ್ಲ. ಮೇಷ್ಟ್ರು ಹೇಳಿದ ಲೋಕಲ್ ಫೋಲ್ಡರ್ ವಿಷಯ ನನಗೂ ಬೇಕಿತ್ತು, ನೂಲು ಕಳಿಸಿದ ಹಳೇ ಇನ್‌ವಾಯ್ಸ್‌ಗಳಿಗೆ ಹಾಗೇ ಮಾಡುತ್ತೇನೆ. ಥಂಡರ್‌ಬರ್ಡ್ ಬೇಡ ಅನ್ನುವವರು ಗೂಗಲ್ ಟೇಕ್‌ಔಟ್‌ಗೆ ಹೋಗಿ ಜಿಮೇಲ್ ಒಂದನ್ನೇ ಆರಿಸಿ ಇಡೀ ಖಾತೆಯ ಪ್ರತಿ ತರಿಸಿಕೊಳ್ಳಬಹುದು. ಅದು ಬರುವುದೂ ಎಂಬಾಕ್ಸ್ ಫೈಲಾಗಿಯೇ, ಅದನ್ನು ತೆರೆದು ಓದಲು ಥಂಡರ್‌ಬರ್ಡ್‌ನಂಥದ್ದೇ ಏನಾದರೂ ಬೇಕಾಗುತ್ತದೆ.

ಲೆಕ್ಕದಕ್ಕ_ತುಮಕೂರು

ಸಾರ್ ಒಪ್ಪಿದರು. 20ನೇ ತಾರೀಖು ಕಳೆಯಲಿ, ಆ ಶನಿವಾರ ಡೊಮೈನ್ ಖಾತೆಯಿಂದ ಶುರು ಮಾಡುತ್ತೇವೆ. ಹೊರಗಿನ ಡಿಸ್ಕ್ ಇವತ್ತೇ ತರಿಸಿದೆ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಬಂದು ಕೇಳುತ್ತೇನೆ.